ಬಾದಾಮಿಯಿಂದ ಕೂಡಲಸಂಗಮಕ್ಕೆ ಒಬ್ಬರೇ ನಡೆದು ಹೋಗುವವರಿಗೆ

"ಅಕ್ಕಾರ, ಬಸ್ ತಪ್ಪಿತೇನ್ರಿ?"

ಮಹಾಕೂಟ ಬಿಟ್ಟು ಪಟ್ಟದಕಲ್ಲಿನ ಕಡೆ ಹೊರಟಿದ್ದೆ. ಎತ್ತಿನ ಬಂಡಿ ನಿಲ್ಲಿಸಿ ಹಿರಿಯರೊಬ್ಬರು ಕೇಳಿದರು. ಇಲ್ಲರೀ ಕಾಕಾ, ನಡಕೊಂತ ಹೊಂಟೀನಿ ಅಂದೆ. "ಹರಕಿ ಏನ್ರಿ?" ಹರಕೆ ಅಲ್ಲರೀ, ಈ ಸೀಮೆ ನೋಡಬೇಕಂತ ಆಸೆ, ಸಂಗಮದ ತನಕ ಹೋಗ್ತೀನಿ ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಹಂಗಾರ ಡಾಂಬರ್ ರಸ್ತಾ ಬಿಡ್ರಿ. ಮುಂದ ಬೇವಿನ ಗಿಡದ ಹಂತ್ಯಾಕ ಎಡಕ್ಕ ಬಂಡಿ ಹಾದಿ ಐತಿ. ನೆಳ್ಳ ಸಿಗ್ತೈತಿ" ಅಂದರು. ಆ ಹಾದಿ ನನ್ನ ಫೋನಿನ ಮ್ಯಾಪಿನಲ್ಲಿ ಇರಲಿಲ್ಲ. ಅದೇ ಹಾದಿಯಲ್ಲಿ ಮುಂದಿನ ಎರಡು ತಾಸು ನಡೆದೆ. ಎರಡೂ ಕಡೆ ಎದೆಮಟ್ಟದ ಬಿಳಿಜೋಳ, ದೂರದಲ್ಲಿ ಕೆಂಪು ಬೆಟ್ಟ. ಒಂದು ವಾಹನವೂ ಎದುರಾಗಲಿಲ್ಲ.

ಆಮೇಲೆ ಇದೇ ದಾರಿಯನ್ನು ಇನ್ನೆರಡು ಸಲ ಒಬ್ಬಳೇ ನಡೆದಿದ್ದೇನೆ. ಮೊದಲ ಸಲ ಮ್ಯಾಪು, ಬ್ಯಾಗು, ಬೂಟು ಇವುಗಳ ಮೇಲೇ ನನ್ನ ಗಮನವೆಲ್ಲ ಇತ್ತು. ಒಬ್ಬರೇ ನಡೆಯುವವರನ್ನು ನಿಜವಾಗಿ ಕಾಯುವುದು ಹೊಲದಲ್ಲಿ ಕೆಲಸ ಮಾಡುವ ಜನ ಎಂದು ಈಗ ನನಗೆ ಗೊತ್ತು. ನೀವು ಯಾರು, ಎಲ್ಲಿಂದ ಬಂದಿರಿ, ಸಂಜೆ ಎಲ್ಲಿ ಇರುತ್ತೀರಿ ಎಂಬುದು ದಾರಿಯುದ್ದಕ್ಕೂ ಯಾರಿಗಾದರೂ ತಿಳಿದಿರಬೇಕು. ಈ ಲೇಖನದ ಸಲಹೆಗಳೆಲ್ಲ ಆ ತಿಳಿವಳಿಕೆಯಿಂದ ಹುಟ್ಟಿದವು.

ದಾರಿ ಎಷ್ಟು, ಯಾಕೆ ಇದೇ ದಾರಿ

ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಕೂಡಲಸಂಗಮ. ಎಲ್ಲ ಸೇರಿ ಸುಮಾರು 75 ಕಿ.ಮೀ. ಐದು ದಿನ ನಡಿಗೆ, ಮಧ್ಯೆ ಐಹೊಳೆಯಲ್ಲಿ ಒಂದು ದಿನ ವಿಶ್ರಾಂತಿ. ಪಟ್ಟದಕಲ್ಲು, ಐಹೊಳೆಗಳ ಹತ್ತಿರ ಮಲಪ್ರಭೆ ಜೊತೆಗಿರುತ್ತಾಳೆ, ಆಮೇಲೆ ದೂರವಾಗಿ ಕೊನೆಗೆ ಸಂಗಮದಲ್ಲಿ ಕೃಷ್ಣೆಯನ್ನು ಸೇರುವಾಗ ಮತ್ತೆ ಸಿಗುತ್ತಾಳೆ. ಮೊದಲ ಸಲ ಒಬ್ಬರೇ ದೂರ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ. ಬಯಲು ಸೀಮೆಯಾದ್ದರಿಂದ ದೂರದ ತನಕ ಕಣ್ಣಿಗೆ ಕಾಣುತ್ತದೆ. ಕೆಲವು ಕಿ.ಮೀ.ಗೊಂದು ಊರು ಸಿಗುತ್ತದೆ. ಕಾಲು ಸೋತರೆ ಯಾವುದಾದರೂ ಊರಿನಿಂದ ಬಸ್ಸೋ ಟಂಟಂ ಗಾಡಿಯೋ ಇದ್ದೇ ಇರುತ್ತದೆ.

ಇನ್ನೊಂದು ಕಾರಣವೂ ಇದೆ. ಯುಗಾದಿಗೆ ಮುಂಚೆ ಈ ಭಾಗದಿಂದ ಸಾವಿರಾರು ಜನ ಕಾವಡಿಯಂಥ ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ದಾರಿಯ ಊರಿನವರು ನೀರು, ಮಜ್ಜಿಗೆ, ಊಟ ಕೊಡುತ್ತಾರೆ, ನೋವಾದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನಡೆದು ಬಂದವರನ್ನು ಹೇಗೆ ಕಾಣಬೇಕೆಂದು ಇಲ್ಲಿಯ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬರೇ ಬಂದರೆ ಪ್ರಶ್ನೆ ಕೇಳುತ್ತಾರೆ ನಿಜ, ಆದರೆ ಅನುಮಾನದಿಂದ ನೋಡುವವರು ಬಹಳ ಕಡಿಮೆ.

ಯಾವ ತಿಂಗಳು

ನವೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದ ತನಕ. ಮಾರ್ಚ್ ಹುಟ್ಟಿದ ಮೇಲೆ ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುವ ಸೀಮೆ ಇದು, ರಸ್ತೆ ಬದಿಗೆ ನೆರಳೂ ಕಡಿಮೆ.

ಮಳೆಗಾಲದಲ್ಲಿ ಬೇರೆ ತೊಂದರೆ. ಇಲ್ಲಿಯ ಎರೆ ಮಣ್ಣನ್ನು ಕಾಣದವರಿಗೆ ಅದು ಹೇಗಿರುತ್ತದೆಂದು ಹೇಳಲೇಬೇಕು. ಒಣಗಿದಾಗ ಕೈಬೆರಳು ಇಳಿಯುವಷ್ಟು ಬಿರುಕು ಬಿಡುವ ಕರಿ ನೆಲ, ಅರ್ಧ ತಾಸು ಮಳೆ ಬಿದ್ದರೆ ಅಂಟಾಗುತ್ತದೆ. ಹೆಜ್ಜೆ ಇಟ್ಟ ಕೂಡಲೇ ಬೂಟಿನ ಅಡಿಗೆ ರೊಟ್ಟಿಯಷ್ಟು ದಪ್ಪ ಮಣ್ಣು, ಮುಂದಿನ ಹೆಜ್ಜೆಗೆ ಅದರ ಮೇಲೆ ಇನ್ನೊಂದು ರೊಟ್ಟಿ. ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಕಲ್ಲು ಕಟ್ಟಿದ ಹಾಗೆ ಭಾರ. ಎರಡನೆಯ ಸಲ ನವೆಂಬರಿನಲ್ಲಿ ಹೋಗಿದ್ದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿಯೂ ಮಳೆ ಬಂತು. ನಾಲ್ಕು ಕಿ.ಮೀ. ಹೊಲದ ಹಾದಿಗೆ ಮೂರು ತಾಸು ಹಿಡಿಯಿತು, ಮೊಣಕಾಲು ನೋವು ಎರಡು ವಾರ ಇತ್ತು. ಮಳೆ ಬಿದ್ದ ದಿನವೂ ಅದರ ಮರುದಿನವೂ ಹೊಲದ ಹಾದಿ ಬಿಟ್ಟು ಡಾಂಬರ್ ರಸ್ತೆ ಹಿಡಿಯಿರಿ. ಬೇರೆ ಉಪಾಯ ಇಲ್ಲ.

ದಿನ ಗೊತ್ತು ಮಾಡುವ ಮುಂಚೆ ಪಂಚಾಂಗ ನೋಡಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಬಾದಾಮಿಯಿಂದ ಐದು ಕಿ.ಮೀ. ದೂರದ ಬನಶಂಕರಿಯಲ್ಲಿ ತೇರು, ನಾಟಕ ಕಂಪನಿಗಳ ಟೆಂಟು, ಅಂಗಡಿ ಸಾಲು ವಾರಗಟ್ಟಲೆ ನಡೆಯುತ್ತವೆ. ನೋಡಲೇಬೇಕಾದ ಜಾತ್ರೆ ಅದು. ಆದರೆ ಆ ದಿನಗಳಲ್ಲಿ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ಎಳ್ಳ ಅಮಾವಾಸ್ಯೆಯ ದಿನ ನಡಿಗೆಯಲ್ಲಿದ್ದರೆ ನಿಮ್ಮ ಅದೃಷ್ಟ. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತಿರುವಾಗ ಬದುವಿನ ಮೇಲೆ ಹೋಗುವವರನ್ನು ಕರೆಯದೆ ಬಿಡುವುದಿಲ್ಲ. ಸಜ್ಜೆ ಕಡುಬು, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹೋಳಿಗೆ. ಅವತ್ತಿನ ಮಟ್ಟಿಗೆ ಬುತ್ತಿ ಕಟ್ಟಿಕೊಳ್ಳುವುದೇ ಬೇಡ.

ಮೊದಲು ಕಾಲು ಪಳಗಲಿ

ಹೊರಡುವುದಕ್ಕೆ ಆರು ವಾರ ಇರುವಾಗಲೇ ಶುರು ಮಾಡಿ. ಮೊದಲು ದಿನಕ್ಕೆ 5 ಕಿ.ಮೀ., ಬರಿಗೈಯಲ್ಲಿ. ಮೂರನೆಯ ವಾರದಿಂದ ಚೀಲದಲ್ಲಿ ನಾಲ್ಕು ನೀರಿನ ಬಾಟಲಿ ಹಾಕಿಕೊಂಡು 8-10 ಕಿ.ಮೀ. ಐದನೆಯ ವಾರ ಶನಿವಾರ 15, ಭಾನುವಾರ ಮತ್ತೆ 15. ಎರಡನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಾಲು ಹೇಗಿದೆ ಎಂಬುದೇ ಪರೀಕ್ಷೆ. ಒಂದು ದಿನ ಇಪ್ಪತ್ತು ಕಿ.ಮೀ. ಹೇಗೋ ನಡೆದುಬಿಡಬಹುದು, ಮರುದಿನ ಮತ್ತೆ ನಡೆಯಬೇಕಲ್ಲ.

ಹೊಸ ಬೂಟು ಹಾಕಿಕೊಂಡು ಹೊರಡಬೇಡಿ. ಕಡಿಮೆಯೆಂದರೆ ನೂರು ಕಿ.ಮೀ. ತುಳಿದ ಬೂಟೇ ಬೇಕು. ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ, ಮಧ್ಯಾಹ್ನದ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಅಡಿ ಗಟ್ಟಿಯಾಗಿರಬೇಕು, ಯಾಕೆಂದರೆ ಇಲ್ಲಿ ಜಾಲಿ ಮುಳ್ಳಿದೆ. ಮೆತ್ತನೆಯ ಓಟದ ಬೂಟನ್ನು ಚುಚ್ಚಿಕೊಂಡು ಒಳಗೆ ಬರುವಷ್ಟು ಉದ್ದದ, ಬಿಳಿಯ, ಸೂಜಿಯಂಥ ಮುಳ್ಳು ಅದು.

ಕಾಲಿಗೆ ಏಳುವ ಬೊಬ್ಬೆಯ ವಿಷಯ. ಬೊಬ್ಬೆ ಏಳುವ ಮುಂಚೆ ಆ ಜಾಗ ಬಿಸಿಯಾಗುತ್ತದೆ, ಉರಿಯುತ್ತದೆ. ಆಗಲೇ ಕೂತು ಕಾಲುಚೀಲ ತೆಗೆದು, ಒರೆಸಿ, ಬಟ್ಟೆಯ ಪಟ್ಟಿ ಅಂಟಿಸಿ. "ಮುಂದಿನ ಊರಲ್ಲಿ ನೋಡೋಣ" ಅಂದುಕೊಂಡು ಒಮ್ಮೆ ಎರಡು ಕಿ.ಮೀ. ನಡೆದೆ, ಹಿಮ್ಮಡಿಯ ಚರ್ಮ ಸುಲಿದು ಆ ದಿನದ ನಡಿಗೆ ಅಲ್ಲಿಗೇ ನಿಂತಿತು.

ಚೀಲದಲ್ಲಿ ಏನಿರಬೇಕು

ನೀರು ಸೇರಿ ಏಳು ಕೆ.ಜಿ. ದಾಟಬಾರದು. ಎರಡು ಜೊತೆ ಬಟ್ಟೆ ಸಾಕು, ಒಂದು ಮೈಮೇಲೆ, ಒಂದು ಚೀಲದಲ್ಲಿ. ಚಳಿಗಾಲದ ಬಿಸಿಲಿಗೆ ಒಗೆದ ಬಟ್ಟೆ ಎರಡು ತಾಸಿಗೆ ಒಣಗುತ್ತದೆ. ಕಾಲುಚೀಲ ಮಾತ್ರ ಮೂರು ಜೊತೆ. ತುಂಬು ತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ, ಒಂದು ದೊಡ್ಡ ಟವೆಲ್. ಬೆಳಗಿನ ಜಾವದ ಚಳಿಗೆ ತೆಳು ಸ್ವೆಟರ್, ಹೊದೆಯಲು ಹಗುರ ಶಾಲು. ಟಾರ್ಚು, ಪವರ್ ಬ್ಯಾಂಕು, ಸೀಟಿ. ಒಆರ್‌ಎಸ್ ಪುಡಿ ಆರು ಪೊಟ್ಟಣ, ನಂಜು ನಿವಾರಕ ಮುಲಾಮು, ಬಟ್ಟೆಯ ಪಟ್ಟಿ, ಸೂಜಿ, ಚಿಮಟ. ಆಧಾರ್ ಕಾರ್ಡಿನ ನಕಲು. ಹತ್ತು, ಇಪ್ಪತ್ತರ ನೋಟು ಮತ್ತು ಚಿಲ್ಲರೆ. ಸಣ್ಣ ಅಂಗಡಿಯಲ್ಲೂ ಫೋನ್‌ಪೇ ಇದೆ, ನೆಟ್‌ವರ್ಕ್ ಮಾತ್ರ ಯಾವಾಗಲೂ ಇರುವುದಿಲ್ಲ. ಟೆಂಟು ಬೇಡ, ಸ್ಟೌ ಬೇಡ.

ಬುತ್ತಿಗೆ ಈ ಸೀಮೆಯವರು ತಲೆಮಾರುಗಳಿಂದ ಕಟ್ಟಿಕೊಂಡು ಹೋಗುತ್ತಿರುವುದನ್ನೇ ಕಟ್ಟಿಕೊಳ್ಳಿ. ಕಟಕ ರೊಟ್ಟಿ, ಅಂದರೆ ಒಣಗಿಸಿದ ಗರಿಗರಿ ಜೋಳದ ರೊಟ್ಟಿ, ವಾರಗಟ್ಟಲೆ ಕೆಡುವುದಿಲ್ಲ, ಭಾರವೂ ಇಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಇಲ್ಲಿ ಚಟ್ನಿಪುಡಿ), ಒಂದು ಉಂಡೆ ಬೆಲ್ಲ. ಯಾವುದಾದರೂ ಊರಲ್ಲಿ ಮೊಸರು ಸಿಕ್ಕರೆ ಹಿಂಡಿಯನ್ನು ಅದರಲ್ಲಿ ಕಲಸಿ ರೊಟ್ಟಿ ಮುರಿದು ಅದ್ದಿ ತಿನ್ನಿ. ಪೇಟೆಯ ಎನರ್ಜಿ ಬಾರ್ ಕೂಡ ಒಯ್ದು ನೋಡಿದ್ದೇನೆ, ಮಧ್ಯಾಹ್ನದ ಬಿಸಿಲಿಗೆ ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು. ಬೆಲ್ಲ, ಶೇಂಗಾಕ್ಕೆ ಅಂಥ ತೊಂದರೆ ಇಲ್ಲ. ಒಂದು ಎಚ್ಚರಿಕೆ: ಬಾದಾಮಿಯ ಗುಹೆಗಳ ಹತ್ತಿರ ಮಂಗಗಳ ಕಾಟ ವಿಪರೀತ. ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಕವರ್ ಕಂಡರೆ ಕಿತ್ತುಕೊಳ್ಳುತ್ತವೆ. ಬುತ್ತಿ ಚೀಲದ ಒಳಗೇ ಇರಲಿ.

ಹೊರಡುವ ಮುನ್ನ ಹೇಳಿ ಹೊರಡಿ

ಒಂದು ಹಾಳೆಯಲ್ಲಿ ದಿನಾಂಕ, ಹೊರಡುವ ಊರು, ಮುಟ್ಟುವ ಊರು, ಉಳಿಯುವ ಜಾಗ, ಅಲ್ಲಿಯ ಫೋನ್ ನಂಬರ್ ಬರೆದು ಮನೆಯಲ್ಲಿ ಒಬ್ಬರಿಗೆ ಕೊಡಿ. ಬೆಳಿಗ್ಗೆ ಹೊರಡುವಾಗ ಒಂದು ಮೆಸೇಜು, ಸಂಜೆ ಮುಟ್ಟಿದಾಗ ಒಂದು ಫೋನು. ರಾತ್ರಿ ಎಂಟರ ತನಕ ಸುದ್ದಿ ಬರದಿದ್ದರೆ ಏನು ಮಾಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ: ಮೊದಲು ಉಳಿಯುವ ಜಾಗಕ್ಕೆ ಫೋನು, ಆಮೇಲೆ 112. ಹೀಗೆ ಗೊತ್ತು ಮಾಡಿಕೊಂಡರೆ ಮನೆಯವರೂ ಹಗಲೆಲ್ಲ ಫೋನ್ ಮಾಡುತ್ತಾ ಇರುವುದಿಲ್ಲ, ನಿಮಗೂ ನೆಮ್ಮದಿಯಿಂದ ನಡೆಯಲು ಬಿಡುವು ಸಿಗುತ್ತದೆ.

ರಾತ್ರಿ ಉಳಿಯಲು ಬಾದಾಮಿ ಮತ್ತು ಕೂಡಲಸಂಗಮದಲ್ಲಿ ತೊಂದರೆ ಇಲ್ಲ. ಹುನಗುಂದ ತಾಲ್ಲೂಕು ಊರು, ಲಾಡ್ಜು ಸಿಗುತ್ತದೆ. ಪಟ್ಟದಕಲ್ಲು, ಐಹೊಳೆ, ಅಮೀನಗಡಗಳಲ್ಲಿ ಆಯ್ಕೆ ಕಡಿಮೆ, ಒಂದು ವಾರ ಮೊದಲೇ ಫೋನಿನಲ್ಲಿ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ಪಟ್ಟದಕಲ್ಲಿನಲ್ಲಿ ಸಿಗದಿದ್ದರೆ ಸಂಜೆ ಬಸ್ಸಿಗೆ ಬಾದಾಮಿಗೆ ಮರಳಿ, ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಬಂದು ಮುಂದುವರಿಯಬಹುದು. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಎಲ್ಲಿಯೂ ಜಾಗ ಇಲ್ಲದೆ ಊರ ಗುಡಿಯಲ್ಲೋ ಮಠದಲ್ಲೋ ಉಳಿಯಬೇಕಾಗಿ ಬಂದರೆ, ಕತ್ತಲಾದ ಮೇಲೆ ಹೋಗಿ ಕೇಳಬೇಡಿ. ನಾಲ್ಕು ಗಂಟೆಗೇ ಹೋಗಿ, ಹಿರಿಯರೊಬ್ಬರನ್ನು ಕಂಡು, ಆಧಾರ್ ತೋರಿಸಿ, ಮನೆಯವರ ಜೊತೆ ಫೋನಿನಲ್ಲಿ ಮಾತಾಡಿಸಿ. ಆಗ ಇಡೀ ಊರಿಗೆ ನಿಮ್ಮ ಜವಾಬ್ದಾರಿ.

ದಿನದ ಹೊತ್ತು

ದೂರವನ್ನು ಕಿ.ಮೀ.ನಲ್ಲಿ ಲೆಕ್ಕ ಹಾಕುವ ಮುಂಚೆ ಬಿಸಿಲಿನಲ್ಲಿ ಲೆಕ್ಕ ಹಾಕಿ. ಡಿಸೆಂಬರ್ ಮಧ್ಯಾಹ್ನವೂ ಇಲ್ಲಿ 30 ಡಿಗ್ರಿ ಹತ್ತಿರ ಹೋಗುತ್ತದೆ. ಬೆಳಿಗ್ಗೆ ಆರೂವರೆಗೆ ಹೊರಟರೆ ಹನ್ನೊಂದರ ಒಳಗೆ, ಕೂತು ಎದ್ದು ಮಾತಾಡಿ ಎಲ್ಲ ಸೇರಿ, 12-13 ಕಿ.ಮೀ. ಆಗುತ್ತದೆ. ಆಮೇಲೆ ಗುಡಿಯ ಕಟ್ಟೆ ಅಥವಾ ಬೇವಿನ ನೆರಳು ನೋಡಿ ಬೂಟು ಬಿಚ್ಚಿ ಮಲಗಿ. ಉಳಿದದ್ದನ್ನು ಮೂರೂವರೆಯ ಮೇಲೆ ನಡೆದು ಐದೂವರೆಯ ಒಳಗೆ ಮುಟ್ಟಿ. ಕತ್ತಲಲ್ಲಿ ನಡೆಯುವುದು ಬೇಡವೇ ಬೇಡ. ನವೆಂಬರಿನಿಂದ ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಕಿರಿದಾದ ರಸ್ತೆಯಲ್ಲಿ ಹಾಡು ಹಚ್ಚಿಕೊಂಡು ಬರುತ್ತಿರುತ್ತವೆ, ಹಿಂದಿನ ಟ್ರೇಲರ್ ಅತ್ತಿತ್ತ ಓಲಾಡುತ್ತದೆ. ಹಗಲಿನಲ್ಲೂ ಎದುರಿಗೆ ವಾಹನ ಕಾಣುವ ಹಾಗೆ ರಸ್ತೆಯ ಬಲಬದಿಗೇ ನಡೆಯಿರಿ, ಕಬ್ಬಿನ ಗಾಡಿ ಕಂಡರೆ ರಸ್ತೆಯಿಂದ ಇಳಿದು ನಿಲ್ಲಿ. ಕಿವಿಗೆ ಇಯರ್‌ಫೋನ್ ಹಾಕಬೇಡಿ.

ನೀರು

ಎರಡು ಲೀಟರ್ ಯಾವಾಗಲೂ ಚೀಲದಲ್ಲಿರಲಿ, ಒಂದು ಲೀಟರಿಗೆ ಇಳಿದ ಕೂಡಲೇ ತುಂಬಿಸಿಕೊಳ್ಳುವುದು ನಿಯಮ. ಹೆಚ್ಚಿನ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ ಒಮ್ಮೆಗೇ ಇಡೀ ಕ್ಯಾನಿನಷ್ಟು ನೀರು ಸುರಿಯುತ್ತದೆ. ನಿಮ್ಮ ಬಾಟಲಿಗೆ ಅಷ್ಟು ಬೇಕಿಲ್ಲ, ಉಳಿದದ್ದು ಪೋಲಾಗುತ್ತದೆ. ಅದಕ್ಕೆ ಕ್ಯಾನು ಹಿಡಿದು ನಿಂತವರನ್ನು ಕೇಳಿ, "ಇದರಾಗ ಸ್ವಲ್ಪ ಹಾಕ್ರಿ" ಅಂದರೆ ಸಾಕು. ಘಟಕ ಕೆಟ್ಟಿದ್ದರೆ ಮನೆಯ ಮುಂದೆ ನಿಂತು ಕೇಳಿ. ಹೊಳೆಯ ನೀರು ಕುಡಿಯಬೇಡಿ. ಮಲಪ್ರಭೆಯನ್ನು ನಡೆದು ದಾಟುವ ಸಾಹಸವೂ ಬೇಡ, ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಸೇತುವೆಯಿಂದಲೇ ದಾಟಿ.

ದಾರಿ ಕೇಳುವ ಬಗೆ

ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಿ, ಆದರೆ ಅದು ಡಾಂಬರ್ ರಸ್ತೆಯನ್ನೇ ತೋರಿಸುತ್ತದೆ. ಹೊಲದ ಹಾದಿ ಗೊತ್ತಿರುವುದು ಜನಕ್ಕೆ. "ಇದು ಐಹೊಳಿ ಹಾದಿ ಹೌದೇನ್ರಿ?" ಎಂದು ಕೇಳಿದರೆ ಹೌದು ಎಂದೇ ಉತ್ತರ ಬರಬಹುದು, ಬಂದವರಿಗೆ ಇಲ್ಲ ಅನ್ನಲು ಮನಸ್ಸಾಗುವುದಿಲ್ಲ. "ಐಹೊಳಿಗೆ ಯಾವ ಹಾದಿ ಹಿಡೀಬೇಕ್ರಿ? ಬಂಡಿ ಹಾದಿ ಐತೇನ್ರಿ?" ಎಂದು ಕೇಳಿ. ಒಬ್ಬರು ಹೇಳಿದ್ದನ್ನು ಅರ್ಧ ಕಿ.ಮೀ. ಮುಂದೆ ಇನ್ನೊಬ್ಬರ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಹಿರಿಯರು ದೂರವನ್ನು ಹರದಾರಿಯಲ್ಲಿ ಹೇಳುತ್ತಾರೆ, ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. "ಇಲ್ಲೇ ಐತ್ರಿ" ಎಂದರೆ ಅರ್ಧ ತಾಸಿನಿಂದ ಒಂದೂವರೆ ತಾಸಿನ ತನಕ ಏನೂ ಆಗಬಹುದು. ಅವರ ಕಾಲಿಗೆ ಅದು ನಿಜವಾಗಿಯೂ ಇಲ್ಲೇ.

ಬದುವಿನ ಮೇಲೆ ನಡೆಯಿರಿ, ಬೆಳೆಯೊಳಗೆ ಕಾಲಿಡಬೇಡಿ. ರಸ್ತೆಯ ಮೇಲೆ ರಾಶಿ ಹರವಿದ್ದರೆ ಸುತ್ತಿ ಹೋಗಿ. ಕೇಳದೆ ಏನನ್ನೂ ಕೀಳಬೇಡಿ. ಕೇಳಿದರೆ, ಎಷ್ಟೋ ಸಲ ಕೇಳುವ ಮುಂಚೆಯೇ, ಕೈತುಂಬ ಸುಲಗಾಯಿ, ಅಂದರೆ ಹಸಿ ಕಡಲೆ, ಸಿಗುತ್ತದೆ. ಬೆಳಿಗ್ಗೆ ಕಡಲೆ ಹೊಲದ ಬದುವಿನಲ್ಲಿ ಹೋದರೆ ಪ್ಯಾಂಟಿನ ತುದಿ ಇಬ್ಬನಿಗೆ ನೆನೆಯುತ್ತದೆ. ಆ ಇಬ್ಬನಿ ಹುಳಿ. ಕಡಲೆ ಎಲೆಯ ಮೇಲೇ ಹುಳಿ ಜಿನುಗುತ್ತದೆ. ಒಂದು ಎಲೆ ನಾಲಗೆ ಮೇಲೆ ಇಟ್ಟು ನೋಡಿ. ಜನವರಿ ಕೊನೆಗೆ ಹೋದರೆ ಸೀತನಿಯೂ ಸಿಗಬಹುದು. ಹಾಲುಗಾಳು ಕಟ್ಟಿದ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ಕೊಡುತ್ತಾರೆ. ಇದಕ್ಕೆ ದುಡ್ಡು ಕೊಡಲು ಹೋಗಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಕೂತು ಮಾತಾಡಿ. ಅವರಿಗೆ ಬೇಕಾದದ್ದು ಅದೇ.

ಒಂದೊಂದು ದಿನ

ಮೊದಲ ದಿನ ಸುಮಾರು 18 ಕಿ.ಮೀ. ಬಾದಾಮಿ ರೈಲು ನಿಲ್ದಾಣ ಊರಿನಿಂದ ಐದು ಕಿ.ಮೀ. ದೂರ ಇದೆ, ಹಿಂದಿನ ದಿನವೇ ಬಂದು ಊರೊಳಗೆ ಉಳಿಯಿರಿ. ಮಹಾಕೂಟಕ್ಕೆ ರಸ್ತೆಯಲ್ಲಿ ಹೋದರೆ ಸುತ್ತು, ಬೆಟ್ಟ ದಾಟುವ ಹಳೆಯ ಕಾಲುದಾರಿಯಲ್ಲಿ ಐದಾರು ಕಿ.ಮೀ. ಅಷ್ಟೇ. ಇಡೀ ನಡಿಗೆಯಲ್ಲಿ ದಾರಿ ತಪ್ಪುವ ಸಂಭವ ಇರುವುದು ಇಲ್ಲಿ ಮಾತ್ರ. ಊರವರನ್ನು ಕೇಳಿ, ಸಾಧ್ಯವಾದರೆ ಆ ಕಡೆ ಹೊರಟವರ ಜೊತೆಗೆ ಹೋಗಿ. ಯಾರೂ ಸಿಗದಿದ್ದರೆ, ದಾರಿ ಖಾತ್ರಿ ಇಲ್ಲದಿದ್ದರೆ, ರಸ್ತೆಯೇ ಒಳ್ಳೆಯದು. ಮಹಾಕೂಟದ ಪುಷ್ಕರಣಿಗೆ ಬೆಟ್ಟದ ಊಟೆಯ ನೀರು, ಸುತ್ತ ದೊಡ್ಡ ಆಲದ ಮರಗಳು. ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಕೂತು ಕಾಲು ತಣಿಸಿಕೊಳ್ಳಿ, ಬುತ್ತಿ ಬಿಚ್ಚಿ. ಮಧ್ಯಾಹ್ನದ ಮೇಲೆ ಪಟ್ಟದಕಲ್ಲು. ಅಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುತ್ತಾಳೆ. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗುಡಿಗಳು ಇವು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯನ್ನು ಮರುದಿನ ಬೆಳಗಿನ ಎಳೆ ಬಿಸಿಲಿನಲ್ಲಿ ನೋಡಿ.

ಎರಡನೆಯ ದಿನ ಐಹೊಳೆಗೆ 14 ಕಿ.ಮೀ. ಸುಲಭದ ದಿನ. ದಾರಿಯಲ್ಲಿ ಸಿದ್ಧನಕೊಳ್ಳಕ್ಕೆ ಕವಲು ಸಿಗುತ್ತದೆ, ಬಂಡೆಯ ಮಡಿಲಲ್ಲಿರುವ ತಂಪು ಜಾಗ ಅದು. ಮೂರನೆಯ ದಿನ ಐಹೊಳೆಯಲ್ಲಿ ಕಾಲಿಗೆ ರಜೆ ಕೊಡಿ, ಸಂಜೆ ಮೇಗುತಿ ಬೆಟ್ಟ ಮಾತ್ರ ಹತ್ತಿ. ರವಿಕೀರ್ತಿ 634ರಲ್ಲಿ ಬರೆಸಿದ ಇಮ್ಮಡಿ ಪುಲಿಕೇಶಿಯ ಶಾಸನ ಅಲ್ಲಿಯ ಜೈನ ಬಸದಿಯ ಗೋಡೆಯ ಮೇಲಿದೆ. ಆದರೆ ಆ ಬೆಟ್ಟ ಹತ್ತಿ ಎಂದು ನಾನು ಹೇಳಲು ಇನ್ನೊಂದು ಕಾರಣವಿದೆ: ನಾಳೆ ನಡೆಯುವ ಸೀಮೆ ಅಲ್ಲಿಂದ ಕಾಣುತ್ತದೆ. ಬೆಟ್ಟದ ಮೇಲೆ ಸಿಕ್ಕ ಊರವರೊಬ್ಬರನ್ನು ಕೇಳಿ ಅಮೀನಗಡ ಯಾವ ದಿಕ್ಕು, ಯಾವ ಹಾದಿ ಎಂದು ಬೆರಳು ಮಾಡಿಸಿಕೊಳ್ಳಿ. ದಕ್ಷಿಣ ಭಾರತದ ಉದ್ದಗಲ ವ್ಯಾಪಾರ ಮಾಡಿದ ಅಯ್ಯಾವೊಳೆ ಐನೂರ್ವರ ಊರು ಇದು. ಹೇರು ಹೊತ್ತ ಎತ್ತು, ಕತ್ತೆಗಳ ಜೊತೆ ಅವರೂ ಹೊರಟದ್ದು ಇಲ್ಲಿಂದಲೇ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಾಲ್ಕನೆಯ ದಿನ ಅಮೀನಗಡ, ಹತ್ತೇ ಕಿ.ಮೀ. ಸುತ್ತಮುತ್ತ ನೇಕಾರರ ಊರುಗಳಿವೆ, ಓಣಿಯಲ್ಲಿ ಹೋದರೆ ಮಗ್ಗದ ಸದ್ದು ಕೇಳುತ್ತದೆ. ಕರದಂಟು ಕಾಲು ಕೆ.ಜಿ. ಕೊಂಡುಕೊಳ್ಳಿ. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಸೇರಿದ ಈ ತಿಂಡಿ ನಡೆಯುವವರಿಗೆಂದೇ ಮಾಡಿದಂತಿದೆ. ಐದನೆಯ ದಿನ ಹುನಗುಂದಕ್ಕೆ ಸುಮಾರು 15 ಕಿ.ಮೀ., ಮುಖ್ಯ ರಸ್ತೆ ಬಿಟ್ಟು ಊರಿಂದೂರಿಗೆ ಹಾದಿ ಕೇಳಿಕೊಂಡು ಹೋಗಿ. ಆರನೆಯ ದಿನ ಕೂಡಲಸಂಗಮಕ್ಕೆ ಸುಮಾರು 18. ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ನಡೆಯಬೇಡಿ, ದಾಟುವುದಿದ್ದರೆ ನಿಂತು ನೋಡಿ ದಾಟಿ ಹಳ್ಳಿ ರಸ್ತೆ ಸೇರಿಕೊಳ್ಳಿ.

ನಾಯಿ, ಹಾವು, ಮುಳ್ಳು

ಚಳಿಗಾಲದಲ್ಲಿ ಕುರಿಗಾರರು ಹೊಲಗಳಲ್ಲಿ ಬೀಡು ಬಿಟ್ಟಿರುತ್ತಾರೆ. ಕುರಿ ಕಾಯುವ ನಾಯಿಗೆ ಹೊಸಬರು ಕಂಡರೆ ಆಗದು. ದೂರದಿಂದಲೇ ಹಟ್ಟಿ ಕಂಡರೆ ನಿಂತು, "ಯಾರದೀರಿ? ನಾಯಿ ಹಿಡೀರಿ" ಎಂದು ಕೂಗಿ. ನಾಯಿ ಬಂದರೆ ಓಡಬೇಡಿ, ಕಲ್ಲು ಎಸೆಯಬೇಡಿ, ಕೋಲು ನೆಲಕ್ಕೆ ಊರಿ ಸುಮ್ಮನೆ ನಿಲ್ಲಿ, ಕುರಿಗಾರರು ಬರುತ್ತಾರೆ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿ, ಗಾಯ ಎಷ್ಟೇ ಸಣ್ಣದಿರಲಿ.

ನಾಗರ, ಕೊಳಕುಮಂಡಲ, ಕಟ್ಟುಹಾವು ಎಲ್ಲವೂ ಹೊಲದಲ್ಲಿವೆ. ಹುಲ್ಲಿನ ದಾರಿಯಲ್ಲಿ ಕೋಲು ಕುಟ್ಟುತ್ತ ನಡೆಯಿರಿ, ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಏನೂ ಬೇಡ. ಆ ಕಾಲನ್ನು ಅಲುಗಿಸದೆ, ಕೂಗಿ ಜನ ಸೇರಿಸಿ, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕ ವಾಹನದಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಮುಳ್ಳಿನ ಸಂಗತಿ ಹೇಳುತ್ತೇನೆ. ಐಹೊಳೆ ದಾಟಿ ಒಂದು ಹೊಲದ ಅಂಚಿನಲ್ಲಿ ಜಾಲಿ ಮುಳ್ಳು ನನ್ನ ಬೂಟಿನ ಅಡಿಯಿಂದ ಪಾದಕ್ಕೆ ನೆಟ್ಟು ಒಳಗೇ ಮುರಿಯಿತು. ಚಿಮಟ ಮನೆಯಲ್ಲೇ ಉಳಿದಿತ್ತು. ಕುಂಟುವುದನ್ನು ಕಂಡು ಕಳೆ ತೆಗೆಯುತ್ತಿದ್ದ ಅಜ್ಜ ಎದ್ದು ಬಂದರು. "ಕೂಡು ತಂಗಿ, ಹಂಗ ನಡದರ ಒಳಗ ಹೊಕ್ಕೊಂತೈತಿ." ಸಂಚಿ ಬಿಚ್ಚಿದರು. ಎಲೆ, ಅಡಿಕೆ, ತಂಬಾಕು, ಸುಣ್ಣದ ಡಬ್ಬಿ, ತಳದಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಚಿಮಟ. ನನ್ನ ಹಿಮ್ಮಡಿಯನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, ಕರಿ ಚುಕ್ಕೆ ಮೇಲೆ ಬರುವ ತನಕ ಕಾದು, ಒಂದೇ ಸಲಕ್ಕೆ ಎಳೆದರು. ಕಾಲು ಇಂಚು ಉದ್ದದ ತುಂಡು. ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, ಯಾರ ಕಾಲಿಗೂ ಹತ್ತದ ಹಾಗೆ ದೂರ ಬದುವಿನ ಆಚೆ ಎಸೆದರು. ಊರಿಗೆ ಹೋದ ಮೇಲೆ ಟಿಟಿ ಇಂಜೆಕ್ಷನ್ ಮಾಡಿಸಿಕೊಂಡೆ, ನೀವೂ ಹೊರಡುವ ಮುಂಚೆಯೇ ಮಾಡಿಸಿಕೊಂಡಿರಿ. ಈಗ ಚಿಮಟ ನನ್ನ ಚೀಲದ ಹೊರಗಿನ ಜೇಬಿನಲ್ಲೇ ಇರುತ್ತದೆ.

ಹೆಣ್ಣುಮಕ್ಕಳಿಗೆ

ಒಬ್ಬಳೇ ನಡೆಯಬಹುದೇ ಎಂದು ಬಹಳ ಜನ ನನ್ನನ್ನು ಕೇಳುತ್ತಾರೆ. ನಡೆಯಬಹುದು. ಊರು ಹೊಕ್ಕ ಕೂಡಲೇ ಮೊದಲ ಮಾತು ಹೆಂಗಸರ ಜೊತೆ ಆಡಿ, ನೀರು ತುಂಬುವಲ್ಲಿ, ಕಟ್ಟೆಯ ಮೇಲೆ, ಕಳೆ ತೆಗೆಯುವಲ್ಲಿ. "ಒಬ್ಬಾಕೀನ ಹೊಂಟೀಯೇನವಾ, ಹೆದರಿಕಿ ಆಗಂಗಿಲ್ಲೇನು?" ಎಂದು ಕೇಳಿದವರೇ ಬಚ್ಚಲು ತೋರಿಸುತ್ತಾರೆ, ಚಹಾ ಕಾಸುತ್ತಾರೆ, ಮುಂದಿನ ಊರಲ್ಲಿರುವ ತಮ್ಮ ಅಕ್ಕನ ಮನೆ ಹೇಳುತ್ತಾರೆ. ಶೌಚಕ್ಕೆ ಹೋಗುವುದನ್ನು ತಡೆಯಬೇಡಿ, ಅದಕ್ಕಾಗಿ ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ಕೇಳಿದರೆ ಯಾವ ಮನೆಯವರೂ ಇಲ್ಲ ಅಂದಿಲ್ಲ. ಮುಟ್ಟಿನ ದಿನಗಳಿಗೆ ಬೇಕಾದ್ದು, ಬಳಸಿದ್ದನ್ನು ಸುತ್ತಿ ಹೊರಲು ಕಾಗದದ ಚೀಲ ಒಯ್ಯಿರಿ, ಹೊಲದಲ್ಲಿ ಎಸೆಯಬೇಡಿ. ಯಾರಾದರೂ ಬೈಕಿನಲ್ಲಿ ಮತ್ತೆ ಮತ್ತೆ ಹಿಂದೆ ಬಂದರೆ, ಮುಜುಗರ ಪಡದೆ ಹತ್ತಿರದ ಹೊಲದಲ್ಲಿರುವ ಹೆಂಗಸರ ಹತ್ತಿರ ಹೋಗಿ ಕೂತುಬಿಡಿ. ನನಗೆ ಒಮ್ಮೆ ಹಾಗಾಯಿತು. ಅವರಲ್ಲೊಬ್ಬರು ಕಳೆ ತೆಗೆಯುವ ಕುರ್ಚಿಗಿ ಕೈಯಲ್ಲೇ ಹಿಡಿದು ರಸ್ತೆಗೆ ಬಂದು ನಿಂತರು, ಬೈಕು ತಿರುಗಿ ಹೋಯಿತು.

ಸಂಗಮ ಮುಟ್ಟಿದ ಮೇಲೆ

ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ನೀರು ಈಗ ಅಗಲವಾಗಿ ನಿಂತಿದೆ, ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಐದು ದಿನ ನಡೆದ ಕಾಲಿಗೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಗೋಡೆ ಹಿಡಿದು ನಿಧಾನವಾಗಿ ಇಳಿಯಿರಿ. ದಾಸೋಹದಲ್ಲಿ ಊಟ ಮಾಡಿ. ಒಂದು ರಾತ್ರಿ ಅಲ್ಲೇ ಉಳಿದು, ಕಾಲನ್ನು ಬಿಸಿನೀರಲ್ಲಿ ಇಟ್ಟು, ಮರುದಿನ ಹುನಗುಂದ ಅಥವಾ ಬಾಗಲಕೋಟೆಯ ಬಸ್ಸು ಹಿಡಿಯಿರಿ.

ಬಸ್ಸು ಹತ್ತುವ ಮುಂಚೆ ಒಂದು ಕೆಲಸ ಬಾಕಿ ಇರುತ್ತದೆ. ದಾರಿಯಲ್ಲಿ ಎಷ್ಟೋ ಜನ "ಮುಟ್ಟಿದ ಮ್ಯಾಲ ಒಂದು ಫೋನ್ ಮಾಡ್ರಿ" ಎಂದು ನಂಬರ್ ಕೊಟ್ಟಿರುತ್ತಾರೆ. ಪುಸ್ತಕದಲ್ಲಿ ಬರೆದುಕೊಂಡಿರಿ, ಒಂದೊಂದಾಗಿ ಎಲ್ಲರಿಗೂ ಮಾಡಿ. ಕಳೆದ ಸಲ ನನ್ನ ಪಟ್ಟಿಯಲ್ಲಿ ಒಂಬತ್ತು ನಂಬರ್ ಇದ್ದವು. ಐಹೊಳೆಯ ಹತ್ತಿರ ಮಜ್ಜಿಗೆ ಕೊಟ್ಟಿದ್ದ ಅವ್ವ ಮೊದಲ ರಿಂಗಿಗೇ ಎತ್ತಿದರು. "ನಿನ್ನಿ ಸಂಜೀಕ ಮುಟ್ಟಬೇಕಿತ್ತಲ್ಲವಾ ನೀನು? ಯಾಕ ತಡಾ ಆತು?" ಅಂದರು.